ಆರ್‌ಎಫ್‌ಐಡಿ, ರೇಡಿಯೋ ನಿಯಮ ಮತ್ತು ಟೆಸ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಎಫ್‌ಐಡಿ ಅಂದರೆ ಸಾಮಾನಿಗೆ ಅಂಟಿಸಿದ ಟ್ಯಾಗ್ ಎಂಬ ಚಿಕ್ಕ ಚೀಟಿಯ ನಂಬರನ್ನು ರೀಡರ್ ಎಂಬ ಯಂತ್ರ ರೇಡಿಯೋ ಅಲೆಯಿಂದ ಓದುವ ವ್ಯವಸ್ಥೆ. ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಆರ್‌ಎಫ್‌ಐಡಿ ಅಂಟಿಸಲು ಹೊರಟವರು ಮೊದಲು ಕೇಳುವುದು ಟ್ಯಾಗಿನ ಬೆಲೆ. ಆಮೇಲೆ ಎಷ್ಟು ದೂರದಿಂದ ಓದುತ್ತದೆ ಅಂತ. ರೇಡಿಯೋ ನಿಯಮದ ಮಾತು ಬರುವುದು ಕಟ್ಟಕಡೆಗೆ, ರೀಡರ್ ಕೊಂಡು, ಗೋಡೆಗೆ ಮೊಳೆ ಹೊಡೆದು, ಆಂಟೆನಾ ನೇತುಹಾಕಿದ ಮೇಲೆ. ಆಗ ಹುಟ್ಟುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲೇ ಓದಿದರೆ ಮೊಳೆ ಕೀಳುವ ಕೆಲಸ ಉಳಿಯುತ್ತದೆ.

ಟ್ಯಾಗಿನಲ್ಲಿ ಬ್ಯಾಟರಿಯೇ ಇಲ್ಲ. ಅದಕ್ಕೂ ರೇಡಿಯೋ ಕಾನೂನಾ?

ಕಾನೂನಿನ ಕಣ್ಣು ಮುಖ್ಯವಾಗಿ ರೀಡರ್ ಮೇಲೆ. ಬ್ಯಾಟರಿ ಇಲ್ಲದ ಈ ಪ್ಯಾಸಿವ್ ಟ್ಯಾಗ್ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ರೀಡರ್ ಕಳಿಸಿದ ಅಲೆಯಿಂದಲೇ ಒಂದಿಷ್ಟು ಶಕ್ತಿ ಹೀರಿಕೊಂಡು ಅದರ ಚಿಪ್ ಎಚ್ಚರವಾಗುತ್ತದೆ. ಆಮೇಲೆ ಅದೇ ಅಲೆಯನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಹಿಂದಕ್ಕೆ ಕಳಿಸುತ್ತಾ ತನ್ನ ನಂಬರ್ ಹೇಳುತ್ತದೆ. ಬಿಸಿಲಿಗೆ ಕನ್ನಡಿ ಹಿಡಿದು ಅಲ್ಲಾಡಿಸಿ ದೂರದವರಿಗೆ ಸನ್ನೆ ಮಾಡುತ್ತಾರಲ್ಲ, ಹಾಗೆ. ಬಿಸಿಲು ಹೋದರೆ ಕನ್ನಡಿಯ ಮಾತೂ ನಿಂತಿತು.

ಇದರಿಂದ ಒಂದು ತೊಂದರೆ ಇದೆ. ಬೇರೆ ಎಷ್ಟೋ ರೇಡಿಯೋಗಳು ಮಾತಾಡುವಾಗ ಮಾತಾಡಿ, ಕೇಳುವಾಗ ಸುಮ್ಮನಿರುತ್ತವೆ. ಆರ್‌ಎಫ್‌ಐಡಿ ರೀಡರ್ ಕೇಳಿಸಿಕೊಳ್ಳಬೇಕಾದರೂ ಪ್ರಸಾರ ಮಾಡುತ್ತಲೇ ಇರಬೇಕು, ಅದೂ ಸುಮಾರು 1 ವ್ಯಾಟ್‌ನಷ್ಟು ಜೋರಾಗಿ. ಅಕ್ಕಪಕ್ಕದವರಿಗೆ ಕಿರಿಕಿರಿ ಆಗದೆ ಇರುತ್ತಾ? ನಿಯಮಗಳು ಹುಟ್ಟಿದ್ದೇ ಈ ಕಾರಣಕ್ಕೆ. ಯುರೋಪಿನ ಇಎನ್ 302 208 ಎಂಬ ಮಾನದಂಡ ಟ್ಯಾಗನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಳ್ಳುತ್ತದೆ, ಆದರೆ ನಿಮಗೆ ತಲೆನೋವು ತರುವುದು ರೀಡರೇ.

ಸರಕು ಸಾಗಣೆಗೆ ಯಾವ ಫ್ರೀಕ್ವೆನ್ಸಿ?

125ರಿಂದ 134 ಕಿಲೋಹರ್ಟ್ಸ್‌ನದ್ದು ಪ್ರಾಣಿಗಳ ಗುರುತಿಗೆ, ಬಾಗಿಲಿನ ಕಾರ್ಡಿಗೆ ಸರಿ. 13.56 ಮೆಗಾಹರ್ಟ್ಸ್ ಬಹುತೇಕ ಎಲ್ಲ ದೇಶದಲ್ಲೂ ಸಿಗುತ್ತದೆ, ಆದರೆ ದೂರ ಹೋಗುವುದಿಲ್ಲ, 1 ಮೀಟರ್ ಒಳಗೇ ಆಟ ಮುಗಿಯುತ್ತದೆ. ಪ್ಯಾಲೆಟ್, ಲಾರಿಗೆ ಸರಕು ತುಂಬುವ ಡಾಕ್ ಬಾಗಿಲು, ಕನ್ವೇಯರ್ ಅಂದರೆ ಯುಎಚ್ಎಫ್, ಅಂದರೆ 860ರಿಂದ 960 ಮೆಗಾಹರ್ಟ್ಸ್. ಇದಕ್ಕೆ ಜೆನ್2 ಎಂಬ ಪ್ರೋಟೋಕಾಲ್ ಇದೆ, ಐಎಸ್ಒ ಲೆಕ್ಕದಲ್ಲಿ ಅದರ ಹೆಸರು 18000-63. ಮಾರುಕಟ್ಟೆಯಲ್ಲಿ ರೇನ್ ಅಂತಲೂ ಕರೆಯುತ್ತಾರೆ. ಮುಂದಿನದ್ದೆಲ್ಲಾ ಈ ಯುಎಚ್ಎಫ್ ಬಗ್ಗೆಯೇ.

ಇಡೀ ಜಗತ್ತಿಗೆ ಒಂದೇ ಬ್ಯಾಂಡ್ ಇಟ್ಟುಬಿಟ್ಟರೆ ಆಗಲ್ವಾ?

ಆಗುತ್ತಿತ್ತು, ಜಾಗ ಖಾಲಿ ಇದ್ದಿದ್ದರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಜಗತ್ತನ್ನು ಮೂರು ವಲಯ ಮಾಡಿ ಯಾವ ಅಲೆ ಯಾರಿಗೆ ಅಂತ ಮೇಲ್ಮಟ್ಟದಲ್ಲಿ ಹಂಚುತ್ತದೆ. ಒಳಗಿನ ನಿಯಮ ಆಯಾ ದೇಶದ್ದು. ಉತ್ತರ ಮತ್ತು ದಕ್ಷಿಣ ಅಮೆರಿಕ ಇರುವ ಎರಡನೇ ವಲಯದಲ್ಲಿ 902ರಿಂದ 928 ಮೆಗಾಹರ್ಟ್ಸ್ ಕಾರ್ಖಾನೆ, ವಿಜ್ಞಾನ, ವೈದ್ಯಕೀಯ ಉಪಕರಣಗಳಿಗೆ ಬಿಟ್ಟ ಜಾಗ. ಆರ್‌ಎಫ್‌ಐಡಿ ಅಲ್ಲಿ ಹೋಗಿ ಕೂತಿತು. ಯುರೋಪಿನಲ್ಲಿ ಅಷ್ಟರಲ್ಲಾಗಲೇ ಜಿಎಸ್ಎಂ ಮೊಬೈಲ್ 880ರಿಂದ 915 ಮತ್ತು 925ರಿಂದ 960 ಹಿಡಿದು ಕೂತಿತ್ತು. ಉಳಿದದ್ದು ಅದರ ಕೆಳಗಿನ ಸಂದು. ರೈಲಿನಲ್ಲಿ ಸೀಟೆಲ್ಲಾ ತುಂಬಿದ ಮೇಲೆ ಹತ್ತಿದವನ ಪರಿಸ್ಥಿತಿ.

ಹಾಗಾದರೆ ಯಾವ ದೇಶದಲ್ಲಿ ಎಷ್ಟು?

ಅಮೆರಿಕದಲ್ಲಿ 902-928 ಮೆಗಾಹರ್ಟ್ಸ್. ರೀಡರಿನಿಂದ 1 ವ್ಯಾಟ್, ಆಂಟೆನಾ ಗೇನ್ (ಅಲೆಯನ್ನು ಒಂದು ದಿಕ್ಕಿಗೆ ಕೂಡಿಸುವ ಬಲ, ಅದರ ಅಳತೆ ಡಿಬಿಐ) 6 ಡಿಬಿಐ, ಎರಡೂ ಸೇರಿ 4 ವ್ಯಾಟ್ ಇಐಆರ್‌ಪಿ (ಇದೂ ಇಆರ್‌ಪಿಯೂ ಏನು ಅಂತ ಮುಂದಿನ ಪ್ರಶ್ನೆಯಲ್ಲಿದೆ). ಯುರೋಪಿನ ಕೆಳ ಬ್ಯಾಂಡಿನಲ್ಲಿ ಪೂರ್ತಿ ಶಕ್ತಿಗೆ ನಾಲ್ಕೇ ಚಾನೆಲ್: 865.7, 866.3, 866.9, 867.5. ಒಂದೊಂದೂ 200 ಕಿಲೋಹರ್ಟ್ಸ್ ಅಗಲ, 2 ವ್ಯಾಟ್ ಇಆರ್‌ಪಿ. ಅಲ್ಲೇ 915-921ರ ಮೇಲಿನ ಬ್ಯಾಂಡಿನಲ್ಲಿ 4 ವ್ಯಾಟ್ ಇಆರ್‌ಪಿ ಇದೆ. ಆದರೆ 918-921 ರೈಲ್ವೆ ಸಂಪರ್ಕದ ವಿಸ್ತರಣೆಗೂ ಇಟ್ಟ ಜಾಗ, ಹಾಗಾಗಿ ಎಲ್ಲ ದೇಶಗಳೂ ಈ ಬ್ಯಾಂಡನ್ನು ಬಿಟ್ಟುಕೊಟ್ಟಿಲ್ಲ. ಭಾರತದಲ್ಲಿ 865-868, ಟ್ರಾನ್ಸ್‌ಮಿಟರಿಗೆ 1 ವ್ಯಾಟ್, ಹೊರಬೀಳುವುದು 4 ವ್ಯಾಟ್ ಇಆರ್‌ಪಿ ಮೀರಬಾರದು, ಅಗಲ 200 ಕಿಲೋಹರ್ಟ್ಸ್. ಚೀನಾದಲ್ಲಿ 920-925, 2 ವ್ಯಾಟ್ ಇಆರ್‌ಪಿ. ಆಸ್ಟ್ರೇಲಿಯಾದಲ್ಲಿ 920-926, 4 ವ್ಯಾಟ್ ಇಐಆರ್‌ಪಿ.

ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡು ವರ್ಷಗಟ್ಟಲೆ ನಂಬಿಕೊಂಡು ಕೂರಬೇಡಿ. ಯಾಕೆ ಅಂತ ಮುಂದೆ ಬರುತ್ತದೆ.

ಇಆರ್‌ಪಿ, ಇಐಆರ್‌ಪಿ ಎರಡೂ ಒಂದೇ ಅಲ್ವಾ?

ಅಲ್ಲ. ಅತಿ ಜಾಸ್ತಿ ಜನ ಎಡವುವುದು ಇಲ್ಲೇ.

ಎರಡೂ ಆಂಟೆನಾದಿಂದ ಎದುರಿಗೆ ಎಷ್ಟು ಜೋರಾಗಿ ಅಲೆ ಹೊರಬೀಳುತ್ತದೆ ಅನ್ನುವುದರ ಲೆಕ್ಕ. ಇಐಆರ್‌ಪಿ ಹೋಲಿಸುವುದು ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾ ಜೊತೆ. ಇಆರ್‌ಪಿ ಹೋಲಿಸುವುದು ಅರ್ಧ ಅಲೆಯ ಡೈಪೋಲ್ ಜೊತೆ. ವ್ಯತ್ಯಾಸ 2.15 ಡಿಬಿ (ಡೆಸಿಬೆಲ್, ಎಷ್ಟು ಪಟ್ಟು ಅಂತ ಹೇಳುವ ಅಳತೆ), ಅಂದರೆ 1.64 ಪಟ್ಟು. ಯುರೋಪಿನ 2 ವ್ಯಾಟ್ ಇಆರ್‌ಪಿ ಅಂದರೆ 3.28 ವ್ಯಾಟ್ ಇಐಆರ್‌ಪಿ. ಅಮೆರಿಕದ 4ರ ಪಕ್ಕದಲ್ಲಿಟ್ಟರೆ ಅರ್ಧ ಅನ್ನಿಸುವುದು ಬರೀ ಕಣ್ಣಿನ ಮೋಸ, ನಿಜವಾದ ಅಂತರ 1 ಡಿಬಿಗಿಂತ ಕಡಿಮೆ. ಓದುವ ದೂರ ಶಕ್ತಿಯ ವರ್ಗಮೂಲದ ಜೊತೆ ಹೋಗುವುದರಿಂದ ಗೋದಾಮಿನ ಬಾಗಿಲಿನಲ್ಲಿ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಇನ್ನೊಂದು ಗುಂಡಿ ಇದೆ. ಆರ್‌ಎಫ್‌ಐಡಿ ಆಂಟೆನಾಗಳು ಹೆಚ್ಚಾಗಿ ಅಲೆಯನ್ನು ತಿರುಗಿಸುತ್ತಾ ಬಿಡುವ ಸರ್ಕ್ಯುಲರ್ ಜಾತಿಯವು. ಅವುಗಳ ಗೇನನ್ನು ಡಿಬಿಐಸಿ ಅಂತ ಬರೆದಿರುತ್ತಾರೆ. ಕೊನೆಯ ಆ ಒಂದು ಅಕ್ಷರಕ್ಕೆ 3 ಡಿಬಿ ಬೆಲೆ. ಯುರೋಪಿನ ಲೆಕ್ಕದಲ್ಲಿ ರೀಡರ್ ಶಕ್ತಿಗೆ ಈ ಗೇನ್ ಕೂಡಿಸಿ, ಕೇಬಲ್ ನಷ್ಟ ಕಳೆದು, ಮತ್ತೆ 5.15 ಕಳೆಯಬೇಕು. ಆ 5.15ರಲ್ಲಿ 3 ಸರ್ಕ್ಯುಲರ್‌ದು, 2.15 ಡೈಪೋಲ್‌ದು. ಆ ಅಕ್ಷರ ನೋಡದೆ ಲೆಕ್ಕ ಹಾಕಿದವರು ಒಂದೋ ಮಿತಿ ದಾಟುತ್ತಾರೆ, ಇಲ್ಲವೋ ಸಿಗಬೇಕಾದ ಅರ್ಧ ಶಕ್ತಿಯನ್ನು ಸುಮ್ನೆ ಬಿಟ್ಟುಕೊಡುತ್ತಾರೆ.

ಲೈಸೆನ್ಸ್ ಬೇಡ ಅಂದಮೇಲೆ ಅನುಮತಿಯೂ ಬೇಡ ತಾನೆ?

ಬೇಕು. ಲೈಸೆನ್ಸ್ ಬೇಡ ಅಂದರೆ ಬಳಸುವವರು ಅರ್ಜಿ ಹಾಕಿ ಚಾನೆಲ್ ತೆಗೆದುಕೊಳ್ಳಬೇಕಿಲ್ಲ ಅಂತ ಅಷ್ಟೇ. ಉಪಕರಣ ಮಾತ್ರ ನಿಯಮಕ್ಕೆ ಒಳಪಟ್ಟಿದೆ ಅಂತ ಯಾರಾದರೂ ತೋರಿಸಿಕೊಡಲೇಬೇಕು. ಅಮೆರಿಕದಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಸರ್ಟಿಫಿಕೇಶನ್, ಯುರೋಪಿನಲ್ಲಿ 2014/53/ಇಯು ನಿರ್ದೇಶನದ ಕೆಳಗೆ ತಯಾರಕರ ಘೋಷಣೆ ಮತ್ತು ಸಿಇ ಗುರುತು, ಭಾರತದಲ್ಲಿ ದೂರಸಂಪರ್ಕ ಇಲಾಖೆಯ ರೇಡಿಯೋ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ, ಅಂದರೆ ಉಪಕರಣದ ಮಾದರಿಗೆ ಕೊಡುವ ಅನುಮತಿ. ಜಪಾನಿನಲ್ಲಂತೂ ಪೂರ್ತಿ ಶಕ್ತಿಯ ರೀಡರಿಗೆ ಪರವಾನಗಿಯೋ ನೋಂದಣಿಯೋ ಬೇಕು.

ಮತ್ತೆ, ಲೈಸೆನ್ಸ್ ಇಲ್ಲದವರಿಗೆ ರಕ್ಷಣೆಯೂ ಇಲ್ಲ. ಎಫ್‌ಸಿಸಿ ನಿಯಮಾವಳಿಯ ಭಾಗ 15 ಇದನ್ನು ಖಡಾಖಂಡಿತವಾಗಿ ಹೇಳುತ್ತದೆ: ನೀವು ಇನ್ನೊಬ್ಬರಿಗೆ ಹಾನಿಯಾಗುವ ಅಡ್ಡಿ ಮಾಡಬಾರದು, ಬೇರೆಯವರಿಂದ ಬಂದ ಅಡ್ಡಿಯನ್ನು ಸಹಿಸಿಕೊಳ್ಳಬೇಕು. ಪಕ್ಕದ ಕಟ್ಟಡದ ಸೆನ್ಸರ್ ಜಾಲ ಅದೇ ಬ್ಯಾಂಡಿನಲ್ಲಿ ಗಲಾಟೆ ಮಾಡಿದರೆ ದೂರು ಕೊಡುವ ಹಕ್ಕು ನಿಮಗಿಲ್ಲ.

ಒಂದೇ ಬ್ಯಾಂಡಿನಲ್ಲಿ ಇಷ್ಟೊಂದು ರೀಡರ್ ಹೇಗೆ ಹೊಂದಿಕೊಂಡು ಹೋಗುತ್ತವೆ?

ಒಂದೊಂದು ಕಡೆ ಒಂದೊಂದು ಉಪಾಯ. ಅಮೆರಿಕದಲ್ಲಿ ಜಾಗ ಧಾರಾಳ, 26 ಮೆಗಾಹರ್ಟ್ಸ್. ಹಾಗಾಗಿ ಚಾನೆಲಿನಿಂದ ಚಾನೆಲಿಗೆ ಹಾರುತ್ತಾ ಇರಿ ಅನ್ನುತ್ತಾರೆ. ಸಿಗ್ನಲ್ ಅಗಲ 250 ಕಿಲೋಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಕನಿಷ್ಠ 50 ಚಾನೆಲ್ ಬಳಸಬೇಕು, 20 ಸೆಕೆಂಡಿನಲ್ಲಿ ಒಂದು ಚಾನೆಲ್ ಮೇಲೆ ಒಟ್ಟು 0.4 ಸೆಕೆಂಡಿಗಿಂತ ಜಾಸ್ತಿ ಕೂರಬಾರದು. ಯುರೋಪಿನಲ್ಲಿ ಹಾರಲು ಜಾಗವೇ ಇಲ್ಲ. ಅಲ್ಲಿ ಮೊದಲು ಇದ್ದ ನಿಯಮ ಮಾತಾಡುವ ಮುಂಚೆ ಕೇಳಿಸಿಕೋ ಅನ್ನುವುದು. ಕೇಳಲು ಒಳ್ಳೆಯ ಮಾತು, ಆದರೆ ಒಂದು ಗೋದಾಮಿನಲ್ಲಿ ಮೂವತ್ತು ರೀಡರ್ ಇದ್ದರೆ ಎಲ್ಲವೂ ಒಂದನ್ನೊಂದು ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡು ಕೂರುತ್ತವೆ, ಟ್ಯಾಗ್ ಓದುವವರು ಯಾರು? ಹಾಗಾಗಿ ಅದನ್ನು ಬಿಟ್ಟು ನಾಲ್ಕು ಚಾನೆಲಿನ ಪದ್ಧತಿಗೆ ಬಂದರು. ಎಲ್ಲ ರೀಡರ್‌ಗಳೂ ಅವೇ ನಾಲ್ಕರಲ್ಲಿ ಕೂಗುತ್ತವೆ, ಟ್ಯಾಗಿನ ಪಿಸುಮಾತು ಮಾತ್ರ ಅವುಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ನನ್ನ ಮಟ್ಟಿಗೆ ಇಡೀ ಆರ್‌ಎಫ್‌ಐಡಿ ನಿಯಮಾವಳಿಯಲ್ಲಿ ಇಷ್ಟು ಜಾಣತನದ ಭಾಗ ಇನ್ನೊಂದಿಲ್ಲ.

ರೀಡರಿನ ಸೆಟ್ಟಿಂಗ್‌ನಲ್ಲಿ ಡೆನ್ಸ್ ರೀಡರ್ ಮೋಡ್ ಅಂತ ಇರುವುದು ಈ ಕೆಲಸಕ್ಕೇ. ಟ್ಯಾಗ್ ಉತ್ತರಿಸುವ ಫ್ರೀಕ್ವೆನ್ಸಿ ರೀಡರಿನದ್ದಕ್ಕಿಂತ ಸ್ವಲ್ಪ ಆಚೆ ಬೀಳುವಂತೆ ಮಿಲ್ಲರ್ ಎಂಬ ಕೋಡಿಂಗ್ ಬಳಸುತ್ತದೆ. ವೇಗ ಕಡಿಮೆಯಾಗುತ್ತದೆ. ಡೆಮೋ ದಿನ ಒಂದೇ ರೀಡರ್ ಇಟ್ಟುಕೊಂಡು ಅತಿ ವೇಗದ ಮೋಡ್‌ನಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡವರು, ಹತ್ತು ಬಾಗಿಲಿಗೂ ಅದೇ ಸೆಟ್ಟಿಂಗ್ ಹಾಕಿ ತಲೆ ಕೆರೆದುಕೊಳ್ಳುವುದನ್ನು ನೋಡಿದ್ದೇನೆ.

ದೂರ ಸಾಲುತ್ತಿಲ್ಲ. ದೊಡ್ಡ ಆಂಟೆನಾ ಹಾಕಲಾ?

ಹಾಕಬಹುದು, ಶಕ್ತಿ ಇಳಿಸಿದರೆ. ಅಮೆರಿಕದ ನಿಯಮದಲ್ಲಿ 6 ಡಿಬಿಐ ಮೇಲೆ ಎಷ್ಟು ಡಿಬಿ ಜಾಸ್ತಿಯೋ ಅಷ್ಟೇ ಡಿಬಿ ರೀಡರ್ ಶಕ್ತಿ ತಗ್ಗಿಸಬೇಕು. ಉದಾಹರಣೆಗೆ 9 ಡಿಬಿಐ ಆಂಟೆನಾಗೆ 30 ಡಿಬಿಎಂ ಬದಲು 27, ಅಂದರೆ 1 ವ್ಯಾಟ್ ಹೋಗಿ ಅರ್ಧ ವ್ಯಾಟ್. ಹೊರಬೀಳುವ ಒಟ್ಟು ಜೋರು ಅಲ್ಲಿಗೆ ಅಲ್ಲಿಗೇ. ಹಾಗಾದರೆ ಲಾಭ ಏನು? ಅಲೆ ಕಿರಿದಾಗಿ ಒಂದೇ ದಿಕ್ಕಿಗೆ ಹೋಗುತ್ತದೆ, ಪಕ್ಕದ ಬಾಗಿಲಿನ ಪೆಟ್ಟಿಗೆಗಳನ್ನು ಓದುವುದು ತಪ್ಪುತ್ತದೆ. ಅದೇನು ಕಡಿಮೆ ಲಾಭವಲ್ಲ.

ಆದರೆ ರೀಡರನ್ನು ಯಾವ ಜಾತಿಯ, ಎಷ್ಟು ಗೇನಿನ ಆಂಟೆನಾ ಜೊತೆ ಪಾಸು ಮಾಡಿಸಿದ್ದಾರೆ ಅಂತ ಅದರ ಕಾಗದದಲ್ಲಿ ಇರುತ್ತದೆ. ಅದರ ಹೊರಗೆ ಹೋದರೆ ಸರ್ಟಿಫಿಕೇಟ್ ನಿಮ್ಮ ಕೈಯಲ್ಲಿ ಬರೀ ಹಾಳೆ.

ಬೇರೆ ದೇಶಕ್ಕೆ ಹೋದಾಗ ಟ್ಯಾಗ್ ಬದಲಿಸಬೇಕಾ?

ಬೇಕಿಲ್ಲ, ಆದರೆ ಆರಿಸಿಕೊಳ್ಳುವಾಗ ಎಚ್ಚರ ಇರಲಿ. ರೀಡರ್ ಕೂತ ಕಡೆ ಕೂತಿರುತ್ತದೆ, ಆ ದೇಶದ ನಿಯಮ ಒಂದನ್ನು ಪಾಲಿಸಿದರೆ ಸಾಕು. ಟ್ಯಾಗ್ ಹಾಗಲ್ಲ, ಪೆಟ್ಟಿಗೆ ಜೊತೆ ಹಡಗು ಹತ್ತಿ ಹೋಗುತ್ತದೆ. ಹೊರಟ ಕಡೆ 866ರಲ್ಲಿ ಕೂಗಿದರೂ ಎಚ್ಚರವಾಗಬೇಕು, ಇಳಿದ ಕಡೆ 915ರಲ್ಲಿ ಕೂಗಿದರೂ ಎಚ್ಚರವಾಗಬೇಕು. ಜೆನ್2 ಚಿಪ್ 860-960 ಪೂರ್ತಿ ಒಪ್ಪುತ್ತದೆ. ಒಪ್ಪದೆ ಇರುವುದು ಟ್ಯಾಗಿನ ಆಂಟೆನಾ. 866ರ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್, 915ರದ್ದು 32.8. ಚಿಕ್ಕ ಟ್ಯಾಗಿನ ಆಂಟೆನಾ ಒಂದು ಕಡೆ ಚೆನ್ನಾಗಿ ಶ್ರುತಿಯಾಗಿದ್ದರೆ ಇನ್ನೊಂದು ಕಡೆ ಮಂಕಾಗುತ್ತದೆ. ಡೇಟಾಶೀಟಿನಲ್ಲಿ ಫ್ರೀಕ್ವೆನ್ಸಿಗೆ ತಕ್ಕ ಹಾಗೆ ದೂರ ತೋರಿಸುವ ಗೆರೆ ಇರುತ್ತದೆ. ಅದರ ತುದಿ ಎಲ್ಲಿದೆ ಅಂತ ನೋಡುವ ಬದಲು, ನಿಮ್ಮ ಸಾಮಾನು ಹೋಗುವ ದೇಶಗಳ ಬ್ಯಾಂಡಿನಲ್ಲಿ ಅದು ಎಷ್ಟು ಕೆಳಗೆ ಇಳಿದಿದೆ ಅಂತ ನೋಡಿ.

ರೀಡರಿಗೂ ಸರ್ಟಿಫಿಕೇಟ್ ಇದೆ, ಟ್ಯಾಗಿಗೂ ಇದೆ. ಆದರೂ ಓದುತ್ತಿಲ್ಲ. ಯಾಕೆ?

ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ. ಟೆಸ್ಟ್ ಮಾಡಿಸಿದ್ದೇವೆ ಅಂತ ಯಾರಾದರೂ ಹೇಳಿದರೆ, ಯಾವ ಟೆಸ್ಟ್ ಅಂತ ಕೇಳಿ. ಮೂರು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರು ಬಿದ್ದಿದೆ.

ನಿಯಮದ ಟೆಸ್ಟ್ ನೋಡುವುದು ನಿಮ್ಮ ರೀಡರ್ ಪಕ್ಕದವರಿಗೆ ತೊಂದರೆ ಕೊಡುತ್ತಾ ಅಂತ. ಅದು ಟ್ಯಾಗ್ ಓದುತ್ತದೋ ಬಿಡುತ್ತದೋ, ನಿಯಮದವರಿಗೆ ಸಂಬಂಧವಿಲ್ಲ. ಒಂದೂ ಟ್ಯಾಗ್ ಓದದ ರೀಡರ್ ಕೂಡ ಆರಾಮಾಗಿ ಪಾಸಾಗಬಹುದು. ಎರಡನೆಯದು ಮಾನದಂಡಕ್ಕೆ ಹೊಂದುತ್ತಾ ಅನ್ನುವ ಟೆಸ್ಟ್. ಐಎಸ್ಒ 18047 ಸರಣಿ ಇದಕ್ಕೆ. ರೀಡರ್ ಮತ್ತು ಟ್ಯಾಗ್ ಒಂದೇ ಭಾಷೆ ಸರಿಯಾಗಿ ಮಾತಾಡುತ್ತವಾ, ಸಮಯ ಸರಿ ಇದೆಯಾ, ಆಜ್ಞೆಗೆ ಸರಿಯಾದ ಉತ್ತರ ಬರುತ್ತದಾ ಅಂತ ನೋಡುತ್ತಾರೆ. ಮೂರನೆಯದು ಸಾಮರ್ಥ್ಯದ ಟೆಸ್ಟ್, ಐಎಸ್ಒ 18046 ಸರಣಿ. ಎಷ್ಟು ದೂರ, ಯಾವ ಕೋನ, ಎಷ್ಟು ವೇಗ ಅನ್ನುವುದಕ್ಕೆ ಉತ್ತರ ಸಿಗುವುದು ಇಲ್ಲಿ ಮಾತ್ರ.

ಮಾರುವವರು ಮೊದಲನೆಯ ಕಾಗದ ತೋರಿಸುತ್ತಾರೆ, ಕೊಳ್ಳುವವರು ಮೂರನೆಯದ್ದು ಸಿಕ್ಕಿತು ಅಂದುಕೊಂಡು ಸಹಿ ಹಾಕುತ್ತಾರೆ.

ನಿಯಮದ ಲ್ಯಾಬಿನಲ್ಲಿ ಏನೇನು ಅಳೆಯುತ್ತಾರೆ?

ಹೊರಬರುವ ಶಕ್ತಿ, ಸಿಗ್ನಲಿನ ಅಗಲ, ಹಾರುವ ಚಾನೆಲ್‌ಗಳ ಸಂಖ್ಯೆ ಮತ್ತು ಒಂದೊಂದರ ಮೇಲೆ ಕೂರುವ ಹೊತ್ತು, ತನ್ನ ಬ್ಯಾಂಡಿನ ಹೊರಗೆ ಸೋರುವ ಅಲೆ. ಸೋರಿಕೆ ನೋಡಲು ಗೋಡೆಯ ತುಂಬಾ ಅಲೆ ಹೀರುವ ಮುಳ್ಳಿನಂಥ ಹೊದಿಕೆ ಇರುವ ಕೋಣೆ ಬೇಕು. ಬಿಸಿ, ತಂಪು, ವೋಲ್ಟೇಜ್ ಏರಿಳಿತದಲ್ಲಿ ಫ್ರೀಕ್ವೆನ್ಸಿ ಜಾರುತ್ತದಾ ಅಂತಲೂ ನೋಡುವುದುಂಟು. ಲ್ಯಾಬ್ ಐಎಸ್ಒ 17025 ಮಾನ್ಯತೆ ಪಡೆದದ್ದಾ ಅಂತ ಮೊದಲೇ ವಿಚಾರಿಸಿ. ನೀವೇ ರೀಡರ್ ತಯಾರಿಸುವವರಾದರೆ ಈಗಾಗಲೇ ಪಾಸಾದ ಮಾಡ್ಯೂಲ್ ಕೊಂಡು ಒಳಗೆ ಕೂರಿಸಿದರೆ ಕೆಲಸ ಎಷ್ಟೋ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಮೇಜಿನ ಮೇಲೆ 10 ಮೀಟರ್ ಓದಿದ ಟ್ಯಾಗ್ ಸಾಮಾನಿಗೆ ಅಂಟಿಸಿದ ಮೇಲೆ 1 ಮೀಟರೂ ಓದುತ್ತಿಲ್ಲ. ಟ್ಯಾಗ್ ಕೆಟ್ಟಿದೆಯಾ?

ಟ್ಯಾಗ್ ಚೆನ್ನಾಗಿಯೇ ಇರಬಹುದು, ಸಾಮಾನೇನು ಅಂತ ನೋಡಿ. ನೀರು ಯುಎಚ್ಎಫ್ ಅಲೆಯನ್ನು ಕುಡಿದುಬಿಡುತ್ತದೆ. ಲೋಹ ಅಲೆಯನ್ನು ವಾಪಸ್ ಎಸೆಯುವುದಷ್ಟೇ ಅಲ್ಲ, ತೀರಾ ಹತ್ತಿರ ಇದ್ದರೆ ಟ್ಯಾಗಿನ ಆಂಟೆನಾದ ಶ್ರುತಿಯನ್ನೇ ಕೆಡಿಸುತ್ತದೆ. ಗಾಜು, ದಪ್ಪ ಪ್ಲಾಸ್ಟಿಕ್ ಕೂಡ ಶ್ರುತಿಯನ್ನು ಸ್ವಲ್ಪ ಕೆಳಗೆಳೆಯುತ್ತವೆ. ಲೋಹಕ್ಕೆಂದೇ ಮಧ್ಯೆ ಅಂತರ ಇಟ್ಟು ಮಾಡಿದ ಟ್ಯಾಗ್ ಬರುತ್ತವೆ, ದಪ್ಪ ಇರುತ್ತವೆ.

ಹಾಗಾಗಿ ಬರೀ ಟ್ಯಾಗನ್ನಲ್ಲ, ಟ್ಯಾಗ್ ಅಂಟಿಸಿದ ಸಾಮಾನನ್ನು ಟೆಸ್ಟ್ ಮಾಡಬೇಕು. ವಿಧಾನ ಸರಳ. ಸಾಮಾನನ್ನು ತಿರುಗುವ ಮೇಜಿನ ಮೇಲಿಟ್ಟು, 860ರಿಂದ 960ರವರೆಗೆ ಒಂದೊಂದೇ ಫ್ರೀಕ್ವೆನ್ಸಿಯಲ್ಲಿ ಶಕ್ತಿಯನ್ನು ಕೆಳಗಿನಿಂದ ಏರಿಸುತ್ತಾ ಹೋಗುತ್ತಾರೆ. ಟ್ಯಾಗ್ ಮೊದಲ ಸಲ ಉತ್ತರ ಕೊಟ್ಟ ಬಿಂದುವನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಕೋನ ಬದಲಿಸಿ ಮತ್ತೆ. ಬಾರ್‌ಕೋಡ್ ಮಾನದಂಡ ರೂಪಿಸುವ ಜಿಎಸ್1 ಸಂಸ್ಥೆಯ ಟಿಐಪಿಪಿ ಎಂಬ ಪದ್ಧತಿ ಇದೇ ಲೆಕ್ಕವನ್ನು ದರ್ಜೆಗಳಾಗಿ ಬರೆದಿಟ್ಟಿದೆ. ಇದರಿಂದ ಕೊಳ್ಳುವವರು ತಯಾರಕರಿಗೆ ಚೆನ್ನಾಗಿ ಓದಬೇಕು ಅಂತ ಹೇಳುವ ಬದಲು ಇಂಥ ದರ್ಜೆ ಬೇಕು ಅಂತ ಹೇಳಬಹುದು. ಆಮೇಲೆ ಜಗಳ ಕಡಿಮೆ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಆರ್‌ಎಫ್‌ಐಡಿ ಲ್ಯಾಬ್ ಕೂಡ ಎಆರ್‌ಸಿ ಎಂಬ ಹೆಸರಿನಲ್ಲಿ ಟ್ಯಾಗುಗಳನ್ನು ಹೀಗೆ ಜರಡಿ ಹಿಡಿಯುತ್ತದೆ.

ಶಕ್ತಿ ಪೂರ್ತಿ ಏರಿಸಿಬಿಟ್ಟರೆ ನೂರಕ್ಕೆ ನೂರು ಓದುತ್ತಾ?

ನೂರಕ್ಕೆ ನೂರಾ ಇಪ್ಪತ್ತು ಓದಬಹುದು, ಅದೇ ಸಮಸ್ಯೆ. ಬಾಗಿಲಿನಲ್ಲಿ ಹೋಗುವ ಪ್ಯಾಲೆಟ್ ಜೊತೆಗೆ ಹಿಂದೆ ರ‍್ಯಾಕಿನಲ್ಲಿ ಮಲಗಿರುವ ಪೆಟ್ಟಿಗೆಗಳೂ ಹಾಜರಿ ಹೇಳುತ್ತವೆ, ಲೆಕ್ಕದಲ್ಲಿ ಅವೂ ಲಾರಿ ಹತ್ತಿಬಿಡುತ್ತವೆ. ಮಿತಿ ಇರುವುದು ಅಲ್ಲಿವರೆಗೆ ಹೋಗಬಹುದು ಅಂತ, ಹೋಗಲೇಬೇಕು ಅಂತಲ್ಲ.

ಮನುಷ್ಯರಿಗೆ, ಆಸ್ಪತ್ರೆ ಯಂತ್ರಗಳಿಗೆ ಅಪಾಯ ಇದೆಯಾ?

ಮನುಷ್ಯರ ಮೇಲೆ ಬೀಳುವ ಅಲೆಗೂ ಮಿತಿ ಇದೆ, ಯುರೋಪಿನಲ್ಲಿ ಇಎನ್ 50364 ಅಂತ ಇದಕ್ಕೇ ಮಾನದಂಡವಿದೆ. ಆಂಟೆನಾದಿಂದ ಎಷ್ಟು ದೂರ ಇರಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದನ್ನು ಪಾಲಿಸಿ, ಆಂಟೆನಾ ಮುಂದೆ ಯಾರದ್ದೂ ಕುರ್ಚಿ ಹಾಕಬೇಡಿ.

ಆಸ್ಪತ್ರೆಯದ್ದು ಬೇರೆ ವಿಷಯ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ತೀವ್ರ ನಿಗಾ ಘಟಕದ 41 ಯಂತ್ರಗಳ ಹತ್ತಿರ ಆರ್‌ಎಫ್‌ಐಡಿ ಇಟ್ಟು 123 ಪರೀಕ್ಷೆ ಮಾಡಿದರು. 34 ಸಲ ಅಡ್ಡಿಯಾಯಿತು, ಅದರಲ್ಲಿ 22 ಅಪಾಯಕಾರಿ ಅಂತ ಲೆಕ್ಕಕ್ಕೆ ಬಂದವು. ಜಾಸ್ತಿ ತೊಂದರೆ ಕೊಟ್ಟದ್ದು 868 ಮೆಗಾಹರ್ಟ್ಸ್‌ನ ಪ್ಯಾಸಿವ್ ವ್ಯವಸ್ಥೆ. ರೋಗಿಗಳು ಇಲ್ಲದ ಕೋಣೆಯಲ್ಲಿ ಮಾಡಿದ ಪರೀಕ್ಷೆ, ಯಂತ್ರಗಳೂ ಆಗಿನವು. ಆದರೂ ಔಷಧಿ ಪೆಟ್ಟಿಗೆ ಎಣಿಸಲು ವಾರ್ಡಿನೊಳಗೆ ರೀಡರ್ ಇಡುವ ಮುಂಚೆ ಅಲ್ಲಿನ ಯಂತ್ರಗಳ ಜೊತೆಗೇ ಟೆಸ್ಟ್ ಮಾಡಿ. ನಿಯಮದ ಸರ್ಟಿಫಿಕೇಟ್ ಇಲ್ಲೂ ಉತ್ತರವಲ್ಲ.

ಒಮ್ಮೆ ಪಾಸಾದರೆ ಯಾವಾಗಲೂ ಪಾಸಾ?

ಜಪಾನನ್ನು ಕೇಳಿ. ಅಲ್ಲಿ ಮೊದಲು ಆರ್‌ಎಫ್‌ಐಡಿ ಇದ್ದದ್ದು 950ರ ಆಸುಪಾಸಿನಲ್ಲಿ. 2012ರಲ್ಲಿ 920ರ ಬ್ಯಾಂಡ್ ತೆರೆದರು, ಹಳೆಯ ಜಾಗವನ್ನು 2018ರಲ್ಲಿ ಮುಚ್ಚಿದರು. ಹಳೇ ರೀಡರ್ ಇಟ್ಟುಕೊಂಡವರು ಎತ್ತಿಡಬೇಕಾಯಿತು. ಟ್ಯಾಗುಗಳಿಗೆ ಮಾತ್ರ ಏನೂ ಆಗಲಿಲ್ಲ, ಅವುಗಳ ವ್ಯಾಪ್ತಿ ಅಗಲವಾಗಿದೆಯಲ್ಲ. ಭಾರತದಲ್ಲಿ ಉಲ್ಟಾ, 2005ರಲ್ಲಿ 865-867 ಕೊಟ್ಟಿದ್ದನ್ನು 2021ರಲ್ಲಿ 868ರವರೆಗೆ ಹಿಗ್ಗಿಸಿದರು. ಅಮೆರಿಕದಲ್ಲಿ 2024ರಲ್ಲಿ ನೆಕ್ಸ್ಟ್‌ನ್ಯಾವ್ ಎಂಬ ಕಂಪನಿ 902-928ನ್ನು ಮರುಹಂಚಿಕೆ ಮಾಡಿ ತನಗೆ ಜಾಗ ಕೊಡಿ ಅಂತ ಎಫ್‌ಸಿಸಿಗೆ ಅರ್ಜಿ ಹಾಕಿತು. ಆರ್‌ಎಫ್‌ಐಡಿ ಉದ್ಯಮದವರು ಕೂಡಲೇ ವಿರೋಧಿಸಿದರು. ಲೈಸೆನ್ಸ್ ಇಲ್ಲದೆ ಕೂತ ಜಾಗದ ಹಣೆಬರಹವೇ ಇಷ್ಟು.

ಬೇರೆ ದೇಶದ ರೀಡರ್ ಅಗ್ಗಕ್ಕೆ ಸಿಕ್ಕಿದೆ. ಮೆನುವಿನಲ್ಲಿ ರೀಜನ್ ಬದಲಿಸಿದರೆ ಸಾಕಲ್ವಾ?

ಎಷ್ಟೋ ರೀಡರ್‌ಗಳಲ್ಲಿ, ಅದರಲ್ಲೂ ಅಮೆರಿಕಕ್ಕೆ ಅಂತ ತಯಾರಾದವುಗಳಲ್ಲಿ, ಆ ಮೆನು ಬೀಗ ಹಾಕಿಯೇ ಬರುತ್ತದೆ. ಬದಲಿಸಲು ಆದರೂ ಒಳಗಿನ ಫಿಲ್ಟರ್ ಮತ್ತು ಆಂಟೆನಾ 902-928ಕ್ಕೆ ಮಾಡಿದ್ದಾಗಿದ್ದರೆ 866ರಲ್ಲಿ ಅದು ಕುಂಟುತ್ತದೆ, ಸೋರಿಕೆಯೂ ಜಾಸ್ತಿಯಾಗಬಹುದು. ಮತ್ತೆ ಆ ದೇಶದ ಅನುಮತಿ ಕಾಗದ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲೇ ನಿಲ್ಲುವ ಸಾಧ್ಯತೆ ಇದೆ.

ಸೈಟಿನಲ್ಲಿ ನಾವೇ ಮಾಡಿಕೊಳ್ಳಬಹುದಾದ ಟೆಸ್ಟ್ ಏನಾದರೂ ಇದೆಯಾ?

ರೀಡರ್ ಹಾಕುವ ಮುಂಚೆ ಒಂದು ಸ್ಪೆಕ್ಟ್ರಮ್ ಅನಲೈಸರ್ ಬಾಡಿಗೆಗೆ ತಂದು ಆ ಬ್ಯಾಂಡಿನಲ್ಲಿ ಈಗಾಗಲೇ ಯಾರಿದ್ದಾರೆ ಅಂತ ಒಂದಿಡೀ ದಿನ ನೋಡಿ. ಒಂದು ಗಂಟೆ ಸಾಲದು, ರಾತ್ರಿ ಪಾಳಿಯಲ್ಲಿ ಮಾತ್ರ ಎದ್ದೇಳುವ ಉಪಕರಣಗಳಿರುತ್ತವೆ. ಹಾಕಿದ ಮೇಲೆ ಕೇಬಲಿನ ಆ ತುದಿಯಲ್ಲಿ, ಅಂದರೆ ಆಂಟೆನಾ ಕಡೆಯಲ್ಲಿ, ಪವರ್ ಮೀಟರ್ ಇಟ್ಟು ಅಳೆಯಿರಿ. ತೆಳ್ಳಗಿನ ಉದ್ದ ಕೇಬಲ್ 3 ಡಿಬಿ ತಿಂದರೆ ಅರ್ಧ ಶಕ್ತಿ ದಾರಿಯಲ್ಲೇ ಹೋಯಿತು. ಓದುವ ದೂರ ಸುಮಾರು ಶೇಕಡಾ 30 ಕಡಿಮೆಯಾಗುತ್ತದೆ. ಆಮೇಲೆ ನಿಜವಾದ ಸಾಮಾನು ತುಂಬಿದ ಪ್ಯಾಲೆಟ್ಟನ್ನೇ ನಿಜವಾದ ವೇಗದಲ್ಲಿ ಓಡಿಸಿ, ಖಾಲಿ ರಟ್ಟಿನ ಪೆಟ್ಟಿಗೆ ಬೇಡ. ಪಕ್ಕದ ಬಾಗಿಲುಗಳ ರೀಡರ್‌ಗಳೆಲ್ಲಾ ಆನ್ ಇರಲಿ. ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಇದು ಟೆಸ್ಟ್ ಅಂತ ಹೇಳಬೇಡಿ, ಹೇಳಿದರೆ ನಿಧಾನಕ್ಕೆ ಓಡಿಸುತ್ತಾರೆ.